ಎರಡನೇ ಸುತ್ತಿನ ಒಬ್ಬಟ್ಟು

ನನ್ನ ಭಾವನವರು, ಅಂದರೆ ನನ್ನ ಅಕ್ಕನ ಗಂಡ, ಮದುವೆಮನೆಯಲ್ಲಿ ಕುಳಿತು ಊಟ ಮಾಡಿದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು. ನಲವತ್ತಮೂರು ವರ್ಷಗಳಿಂದ ಹುಡುಕುತ್ತಿದ್ದೇನೆ, ಒಬ್ಬ ಸಾಕ್ಷಿಯೂ ಸಿಕ್ಕಿಲ್ಲ. ನಾನು ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಊರೂರು ಅಳೆದು ನಿವೃತ್ತನಾದವನು. ಸಾಕ್ಷಿಯಿಲ್ಲದೆ ಒಂದು ಗುಂಟೆ ಜಾಗವನ್ನೂ ಯಾರ ಹೆಸರಿಗೂ ಬರೆದವನಲ್ಲ. ಆದ್ದರಿಂದ ಈ ಮಾತನ್ನೂ ಅಳೆದೇ ಹೇಳುತ್ತಿದ್ದೇನೆಂದು ಓದುಗರು ನಂಬಬೇಕು.

ಹಾಗಾದರೆ ಮದುವೆಗೆ ಹೋಗಿ ಅವರು ಮಾಡುವುದಾದರೂ ಏನು? ಬಡಿಸುತ್ತಾರೆ! ಕಲ್ಯಾಣ ಮಂಟಪದ ಬಾಗಿಲು ದಾಟಿದೊಡನೆ ಉಳಿದವರ ಕಣ್ಣು ವಧೂವರರನ್ನು ಹುಡುಕುತ್ತದೆ, ಇನ್ನು ಕೆಲವರ ಕಣ್ಣು ಫ್ಯಾನಿನ ಕೆಳಗಿನ ಕುರ್ಚಿಯನ್ನು. ಭಾವನವರ ಮೂಗು ಅಡುಗೆಮನೆಯ ದಿಕ್ಕನ್ನು ಹಿಡಿಯುತ್ತದೆ. ಹೆಗಲ ಮೇಲಿನ ಟವೆಲ್ಲು ಸೊಂಟಕ್ಕಿಳಿಯುತ್ತದೆ. ಮರುಕ್ಷಣ ಅವರ ಎಡಗೈಯಲ್ಲಿ ಹುಳಿಯ ಬಕೀಟು ಇರುತ್ತದೆ. ಅದು ಅಲ್ಲಿಗೆ ಹೇಗೆ ಬಂತೆಂಬುದನ್ನು ನಾನೂ ಕಂಡಿಲ್ಲ, ಬಾಣಸಿಗರೂ ಕಂಡಿಲ್ಲ.

ಇದಕ್ಕೆ ಕಾರಣ ಅವರ ಕಸುಬು ಎಂಬುದು ನನ್ನ ಸಿದ್ಧಾಂತ. ದೇವನಹಳ್ಳಿ ಪಕ್ಕದ ವಿಜಯಪುರದ ಬಳಿಯ ತಮ್ಮ ಹಳ್ಳಿಯಲ್ಲಿ ಅವರು ನಲವತ್ತು ವರ್ಷ ರೇಷ್ಮೆಹುಳು ಸಾಕಿದವರು. ರೇಷ್ಮೆಹುಳುವಿನಂಥ ಅತಿಥಿ ಭೂಮಿಯ ಮೇಲೆ ಇನ್ನೊಂದಿಲ್ಲ. ಹಾಕಿದಷ್ಟು ಸೊಪ್ಪನ್ನೂ ತಿನ್ನುತ್ತದೆ, ಸಾಕು ಎನ್ನುವುದು ಅದರ ಜಾತಿಯಲ್ಲೇ ಇಲ್ಲ. ಇಂಥ ಲಕ್ಷಾಂತರ ಅತಿಥಿಗಳಿಗೆ ದಿನಕ್ಕೆ ಐದು ಹೊತ್ತು ಬಡಿಸಿದ ಕೈ ಸುಮ್ಮನೆ ಕೂರುತ್ತದೆಯೇ? ಹುಳುಗಳೆಲ್ಲ ಗೂಡು ಕಟ್ಟಿದ ಮೇಲೆ ಮನುಷ್ಯರನ್ನು ಹುಡುಕಿಕೊಂಡು ಹೊರಡುತ್ತದೆ.

ದೊಡ್ಡಬಳ್ಳಾಪುರದಲ್ಲಿ ಒಂದೇ ಗೋಡೆಗೆ ಅಂಟಿಕೊಂಡಂತೆ ಎರಡು ಕಲ್ಯಾಣ ಮಂಟಪಗಳಿವೆ. ಒಮ್ಮೆ ನಮ್ಮ ಬಂಧುವೊಬ್ಬರ ಮದುವೆಗೆ ಹೋದಾಗ ಭಾವನವರು ಕಾಣೆಯಾದರು. ಹುಡುಕುತ್ತ ಪಕ್ಕದ ಮಂಟಪಕ್ಕೆ ಹೋದರೆ, ಗುರುತು ಪರಿಚಯವಿಲ್ಲದ ಜನರ ನಡುವೆ ಬಕೀಟು ಹಿಡಿದು ನಿಂತಿದ್ದಾರೆ. ಅದು ಅವರು ಬಡಿಸುತ್ತಿದ್ದ ಮೂರನೆಯ ಸಾಲು.

“ಭಾವ, ಇದು ನಮ್ಮ ಮದುವೆ ಅಲ್ಲ. ನಮ್ದು ಪಕ್ಕದ್ದು,” ಎಂದು ಕಿವಿಯಲ್ಲಿ ಹೇಳಿದೆ.

“ಗೊತ್ತಾಯ್ತು ಕಣೋ. ಮೊದಲನೇ ಸಾಲಲ್ಲೇ ಗೊತ್ತಾಯ್ತು.”

“ಮತ್ತೆ ಇನ್ನೂ ಇಲ್ಲೇ ಇದೀರಲ್ಲ?”

“ಉಣ್ಣೋಕೆ ಕೂತೋರನ್ನ ಬಿಟ್ಟು ಬರೋಕಾಗುತ್ತೇನೋ? ಮಜ್ಜಿಗೆ ತಂಕ ಆಗ್ಲಿ, ಬರ್ತೀನಿ.”

ಆ ಮನೆಯವರು ಇಂದಿಗೂ ತಮ್ಮ ಪ್ರತಿಯೊಂದು ಶುಭಕಾರ್ಯಕ್ಕೂ ಭಾವನವರಿಗೆ ಲಗ್ನಪತ್ರಿಕೆ ಕಳಿಸುತ್ತಾರೆ. ಅಂದು ಅದೇ ಬಾಗಿಲಲ್ಲಿ ನಾನೂ ನಿಂತಿದ್ದೆ. ಭಾವನವರನ್ನು ಊರಿಂದ ಕರೆದುಕೊಂಡು ಹೋದವನೂ ನಾನೇ. ನನಗೆ ಇದುವರೆಗೆ ಒಂದು ಪತ್ರಿಕೆಯೂ ಬಂದಿಲ್ಲ. ಜಮೀನಿನ ಮೂಲೆಗಳಿಗೆ ಬಾಂದುಕಲ್ಲು ನೆಡುವಂತೆ ನಾನು ಇಂಥ ಸಂಗತಿಗಳಿಗೂ ಮನಸ್ಸಿನಲ್ಲಿ ಒಂದೊಂದು ಕಲ್ಲು ನೆಟ್ಟುಕೊಳ್ಳುತ್ತೇನೆ. ಇದಕ್ಕೂ ನೆಟ್ಟಿದ್ದೇನೆ.

ಆದರೆ ಎಲ್ಲಕ್ಕಿಂತ ದೊಡ್ಡ ಕಲ್ಲು ಬೇರೆಯದು. ಅದನ್ನು ನೆಟ್ಟು ಮೂವತ್ತೆಂಟು ವರ್ಷಗಳಾದವು.

ಅಂದು ನನ್ನ ಮದುವೆ. ನಮ್ಮ ಕಡೆ ಆಗ ಮದುವೆ ನಡೆಯುತ್ತಿದ್ದುದು ಗಂಡಿನ ಮನೆಯಲ್ಲೇ. ಮನೆಯ ಮುಂದೆ ಚಪ್ಪರ, ಚಪ್ಪರದಡಿ ಚಾಪೆ, ಚಾಪೆಯ ಮುಂದೆ ಬಾಳೆಯೆಲೆ. ಮದುಮಕ್ಕಳ ಸಾಲಿನಲ್ಲಿ ಹನ್ನೊಂದು ಎಲೆಗಳು. ನಾನು ಎಡದಿಂದ ಆರನೆಯವನು, ಅಂದರೆ ನಟ್ಟನಡುವೆ, ಬಾಸಿಂಗ ಕಟ್ಟಿಕೊಂಡು ಕುಳಿತಿದ್ದೆ. ಕಣ್ಣಿಗೆ ಬೀಳದಂತಿರಲು ನಾನೇನು ಕಂಬದ ಹಿಂದೆ ಇರಲಿಲ್ಲ! ಮೊದಲ ಸುತ್ತಿನ ಒಬ್ಬಟ್ಟು ಎಲ್ಲರಿಗೂ ಬಂತು. ಎರಡನೆಯ ಸುತ್ತಿಗೆ ಭಾವನವರು ತಟ್ಟೆ ಹಿಡಿದು ಬಂದರು. ಒಂದನೆಯ ಎಲೆಗೆ ಹಾಕಿದರು, ಎರಡನೆಯದಕ್ಕೆ ಹಾಕಿದರು, ಐದನೆಯದಕ್ಕೂ ಹಾಕಿದರು. ನಾನು ಎಲೆಯ ಮೇಲೆ ಜಾಗ ಮಾಡಿಕೊಂಡು ತಲೆಯೆತ್ತಿದೆ. ಅವರು ನನ್ನನ್ನು ನೋಡಿದರು. ನೋಡಿ, ನನ್ನ ಎಲೆಯನ್ನು ದಾಟಿ, ಏಳನೆಯ ಎಲೆಗೆ ಹಾಕಿದರು.

ಏಳನೆಯ ಎಲೆ ನನ್ನ ಹೆಂಡತಿಯದು. ನನ್ನ ಕಣ್ಣೆದುರಿಗೇ ಅವಳು ಅದನ್ನು ತುಪ್ಪ ಹಾಕಿಸಿಕೊಂಡು ತಿಂದಳು. ಅರ್ಧ ಕೊಡಬಹುದಿತ್ತು. ಆದರೆ ಆಗಿನ್ನೂ ಅವಳಿಗೆ ನನ್ನೊಡನೆ ಅಷ್ಟು ಪರಿಚಯವಿರಲಿಲ್ಲ. ಛಾಯಾಚಿತ್ರ ತೆಗೆಯುವವರು ಸರಿಯಾಗಿ ಅದೇ ಗಳಿಗೆಯನ್ನು ಹಿಡಿದಿದ್ದಾರೆ. ನಮ್ಮ ಮದುವೆಯ ಆಲ್ಬಮ್ಮಿನ ಹದಿನಾಲ್ಕನೆಯ ಪುಟದಲ್ಲಿ, ಒಬ್ಬಟ್ಟಿಲ್ಲದ ಎಲೆಯ ಮುಂದೆ ಮದುಮಗನೊಬ್ಬ ತಲೆಯೆತ್ತಿ ಭಾವನವರನ್ನು ನೋಡುತ್ತಿರುವ ಚಿತ್ರ ಇಂದಿಗೂ ಇದೆ. ಬಂದವರೆಲ್ಲ ಅದನ್ನು ನೋಡಿ, “ಎಷ್ಟು ಗಂಭೀರವಾಗಿ ಕೂತಿದೀರಿ,” ಎನ್ನುತ್ತಾರೆ. ಗಾಂಭೀರ್ಯವಂತೆ!

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಇಂಥ ಭಾವನವರಿಗೆ ಇನ್ನು ಮುಂದೆ ಬಡಿಸಬೇಡಿ ಎಂದು ಹೇಳುವ ಕೆಲಸ ಕಡೆಗೂ ನನ್ನ ಪಾಲಿಗೇ ಬಂತು.

ಅವರಿಗೀಗ ಎಪ್ಪತ್ತೆರಡು. ಎರಡು ವರ್ಷದಿಂದ ಕೈ ನಡುಗುತ್ತದೆ. ಕಳೆದ ವರ್ಷ ನನ್ನ ಮಗನ ಗೃಹಪ್ರವೇಶದಲ್ಲಿ ತಿಳಿಸಾರು ಬಡಿಸುತ್ತಿದ್ದಾಗ ಸೌಟು ತುಳುಕಿತು. ಅಂದು ಉಂಡವರು ಮುನ್ನೂರು ಜನ. ಸಾರು ಬಿದ್ದದ್ದು ಒಬ್ಬನ ಮೇಲೆ, ಅವನ ಹೊಸ ರೇಷ್ಮೆ ಪಂಚೆಯ ಮೇಲೆ. ಆ ಒಬ್ಬ ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ಅಕ್ಕ, ನನ್ನ ಹೆಂಡತಿ, ಮಗಳು, ಮೂವರೂ ಸೇರಿ ನಮ್ಮ ಮನೆಯಲ್ಲಿ ಸಭೆ ನಡೆಸಿದರು.

“ಬಿಸಿ ಹುಳಿ ಬೀಗರ ಮೇಲೆ ಬಿದ್ರೆ ಏನು ಗತಿ? ಅವರ ಕಾಲ್ಮೇಲೇ ಬಿದ್ರೆ? ನಾನು ಹೇಳಿದ್ರೆ ಕೇಳಲ್ಲ,” ಎಂದು ಅಕ್ಕ ಕಣ್ಣೊರೆಸಿಕೊಂಡಳು. ಆಮೇಲೆ ಮೂವರೂ ನನ್ನ ಕಡೆ ತಿರುಗಿದರು.

“ನಾನ್ಯಾಕೆ?” ಎಂದೆ.

“ನಿನಗೆ ಹೆಂಗೂ ಅವರ ಮೇಲೆ ಸಿಟ್ಟಿದೆಯಲ್ಲ, ನಿಂಗೆ ಹೇಳೋದು ಸುಲಭ,” ಎಂದಳು ಅಕ್ಕ.

ಮಗಳಿಗೆ ಅವಳ ಸಹೋದ್ಯೋಗಿಗಳು ಮದುವೆಯ ಉಡುಗೊರೆಯಾಗಿ ದೇವನಹಳ್ಳಿಯ ಆಚೆಯ ಒಂದು ದೊಡ್ಡ ಹೋಟೆಲಿನಲ್ಲಿ ಇಬ್ಬರ ಊಟಕ್ಕೆ ಚೀಟಿ ಕೊಟ್ಟಿದ್ದರು. ಟೇಸ್ಟಿಂಗ್ ಮೆನು ಎಂಬ ಊಟವಂತೆ. ನಾವು ಏನನ್ನೂ ಕೇಳುವಂತಿಲ್ಲ, ಎಂಟು ವರಸೆಯಲ್ಲಿ ಅವರೇ ಒಂದೊಂದಾಗಿ ತಂದಿಡುತ್ತಾರಂತೆ. ಆ ಚೀಟಿಯನ್ನು ಮಗಳು ನನ್ನ ಕೈಗಿಟ್ಟಳು.

“ಅಪ್ಪಾ, ಪತ್ರಿಕೆ ಹಂಚೋಕೆ ಆ ಕಡೆ ಹೋಗ್ತೀರಲ್ಲ, ಮಾವನ್ನ ಅಲ್ಲಿ ಕೂರ್ಸು. ಕೂತು ಬಡಿಸ್ಕೊಳ್ಳೋದು ಎಷ್ಟು ಸುಖ ಅಂತ ಒಂದ್ಸಲ ಗೊತ್ತಾಗ್ಲಿ ಅವ್ರಿಗೆ. ಕೊನೇಲಿ ಸಿಹಿ ಬರುತ್ತೆ. ಆವಾಗ ಮೆಲ್ಲಗೆ ಹೇಳ್ಬಿಡು.”

ಒಪ್ಪಿಕೊಂಡೆ. ಸತ್ಯವನ್ನೇ ಹೇಳಬೇಕೆಂದರೆ, ಒಳಗೊಳಗೇ ಕುಣಿದೆ! ಮೂವತ್ತೆಂಟು ವರ್ಷಗಳ ಬಳಿಕ ಆ ಬಕೀಟನ್ನು ಅವರ ಕೈಯಿಂದ ಇಳಿಸುವ ಅಧಿಕಾರ, ಅದೂ ಕುಟುಂಬದ ಸರ್ವಾನುಮತದಿಂದ, ನನಗೆ ಬಂದಿತ್ತು. ಹೇಳಬೇಕಾದ ಮಾತುಗಳನ್ನು ನಾಲ್ಕು ವಾಕ್ಯಗಳಲ್ಲಿ, ಅಂಚು ಬಿಟ್ಟು, ದುಂಡಗೆ ಬರೆದು ಜೇಬಿನಲ್ಲಿಟ್ಟುಕೊಂಡೆ.

ಹೊರಟ ದಿನ ಬೆಳಗ್ಗೆ ಎಂಟಕ್ಕೇ ಅವರನ್ನು ಕಾರಿನಲ್ಲಿ ಕೂರಿಸಿಕೊಂಡೆ. ವಿಜಯಪುರ, ದೇವನಹಳ್ಳಿ ಮುಗಿಸಿ ಮಧ್ಯಾಹ್ನ ಊಟ, ಆಮೇಲೆ ಹೊಸಕೋಟೆಯ ಮೇಲೆ ಸಮೇತನಹಳ್ಳಿಯ ಬಂಧುಗಳ ಮನೆ, ಇದು ನನ್ನ ಯೋಜನೆ. ಪತ್ರಿಕೆ ಕೊಡಲು ಹೋದ ಮೊದಲ ಮೂರು ಮನೆಗಳಲ್ಲೂ ಉಪ್ಪಿಟ್ಟು ಮಾಡಿದ್ದರು. ಮೂರರಲ್ಲೂ ಭಾವನವರು ನೇರವಾಗಿ ಅಡುಗೆಮನೆಗೆ ನಡೆದು, ಆ ಮನೆಯಾಕೆಯ ಕೈಯಿಂದ ಪಾತ್ರೆ ಇಸಿದುಕೊಂಡು ಬಂದು, ನನಗೇ ಬಡಿಸಿದರು.

“ಸಾಕು ಭಾವ, ಮಧ್ಯಾಹ್ನ ದೊಡ್ಡ ಊಟ ಇದೆ.”

“ಇನ್ನೊಂದು ಸೌಟು ಹಾಕಿಸ್ಕೊಳ್ಳೋ. ಆ ಯಮ್ಮ ನೋಡ್ತಾವ್ರೆ.”

ಮೂರು ಮನೆಗಳಲ್ಲಿ ಒಟ್ಟು ಏಳು ಸೌಟು. ಅವರು ಒಂದು ಕಾಳನ್ನೂ ಬಾಯಿಗೆ ಹಾಕಲಿಲ್ಲ.

ಹೋಟೆಲು ದ್ರಾಕ್ಷಿತೋಟದ ನಡುವೆ ಇತ್ತು. ಒಳಗೆ ಮಾಗಿಯ ಚಳಿಯನ್ನು ಯಂತ್ರದಿಂದ ತಯಾರಿಸಿ ಬಿಟ್ಟಿದ್ದರು. ಮೇಜಿಗೆ ಬಿಳಿಯ ವಸ್ತ್ರ, ಅದರ ಮೇಲೆ ಒಂದೇ ಒಂದು ಹೂವು. ನಲವತ್ತೈದರ ಆಸುಪಾಸಿನ ಪರಿಚಾರಕರೊಬ್ಬರು ಕಪ್ಪು ಏಪ್ರನ್ ಕಟ್ಟಿಕೊಂಡು ಬಂದು ಇಂಗ್ಲಿಷಿನಲ್ಲಿ ಒಂದು ಸಣ್ಣ ಭಾಷಣ ಮಾಡಿದರು. ಭಾವನವರು ಕೊನೆಯವರೆಗೂ ಗೌರವದಿಂದ ಕೇಳಿಸಿಕೊಂಡರು.

“ಯಾವೂರಪ್ಪ ನಿಮ್ದು?”

“ಸೂಲಿಬೆಲೆ ಹತ್ರ, ಸರ್.”

“ಹಂಗಾದ್ರೆ ಕನ್ನಡದಲ್ಲೇ ಬಡಿಸಪ್ಪ.”

ಆ ಮನುಷ್ಯನ ಮುಖ ಸಡಿಲವಾಯಿತು. ಅಲ್ಲಿಂದ ಮುಂದಕ್ಕೆ ಅವರು ನಮ್ಮವರಾದರು.

ಮೊದಲ ವರಸೆ ಬಂತು. ಮೊರದಷ್ಟು ಅಗಲದ ತಟ್ಟೆ, ಅದರ ನಡುವೆ ಷರಟಿನ ಗುಂಡಿಯಷ್ಟು ಚಕ್ಕೋತದ ತೊಳೆ, ಅದರ ತಲೆಯ ಮೇಲೆ ಒಂದು ಚಿಟಿಕೆ ಖಾರ. ನಾನು ಬಾಯಿಗೆ ಹಾಕಿಕೊಂಡೆ. ರುಚಿ ತಿಳಿಯುವ ಮೊದಲೇ ಅದು ಗತವಾಯಿತು. ಭಾವನವರು ಮುಟ್ಟಲಿಲ್ಲ. ತಟ್ಟೆಯನ್ನು ಮೇಜಿನ ಎಡ ಮೂಲೆಗೆ ಸರಿಸಿ ಕೈಕಟ್ಟಿ ಕುಳಿತರು.

ಎರಡನೆಯದು ಹೆಸರುಬೇಳೆಯ ಕೋಸಂಬರಿಯಂತೆ. ಆದರೆ ಬೇಳೆಯ ಸುಳಿವಿಲ್ಲ, ಹಸಿರು ನೊರೆ ಮಾತ್ರ. ಅದನ್ನು ಅವರು ಚಕ್ಕೋತದ ಪಕ್ಕಕ್ಕಿಟ್ಟರು. ಮೂರನೆಯದು ತುಪ್ಪದಲ್ಲಿ ಗರಿಗರಿಯಾಗಿ ಕರಿದ ಒಂದು ಎಲೆ.

“ಇದು ಹಿಪ್ಪುನೇರಳೆ ಸೊಪ್ಪು ಸರ್, ಇಲ್ಲೇ ಸುತ್ತಮುತ್ತ ಬೆಳೆದದ್ದು,” ಎಂದರು ಪರಿಚಾರಕರು.

ಭಾವನವರು ಬಗ್ಗಿ ನೋಡಿದರು. ಎಲೆಯ ತೊಟ್ಟು ನೋಡಿದರು, ನರ ನೋಡಿದರು. “ನಲವತ್ತು ವರ್ಷ ನಾನು ಹುಳಕ್ಕೆ ಹಾಕ್ದೆ. ಇವತ್ತು ನನಗೇ ಹಾಕ್ತಾವ್ರೆ,” ಎಂದು ನನಗೆ ಹೇಳಿ, ಪರಿಚಾರಕರ ಕಡೆ ತಿರುಗಿ, “ಸೊಪ್ಪು ಸ್ವಲ್ಪ ಬಲಿತದೆ ಕಣಪ್ಪ. ಹುಳ ಆಗಿದ್ರೆ ಬಿಟ್ಟು ಹೋಗೋದು,” ಎಂದರು. ಅದೂ ಸಾಲಿಗೆ ಸೇರಿತು.

ನಾಲ್ಕನೆಯದು ಹಿತಕಿದ ಅವರೆಕಾಳು. ಎಷ್ಟು? ಮೂರು! ಗಣತಿಯಲ್ಲಿ ನಾನು ತಪ್ಪುವವನಲ್ಲ. ಐದನೆಯದು ನೆಲ್ಲಿಕಾಯಿ ಗಾತ್ರದ ರಾಗಿಮುದ್ದೆ, ಸುತ್ತಲೂ ಒಂದು ಚಮಚ ಬಸ್ಸಾರು. ನಾನು ಬಂದದ್ದನ್ನೆಲ್ಲ ಬಂದ ಹಾಗೆ ಮುಗಿಸುತ್ತಿದ್ದೆ. ಭಾವನವರ ಮುಂದೆ ಐದು ತಟ್ಟೆಗಳು ಎಡದಿಂದ ಬಲಕ್ಕೆ, ಉಪ್ಪಿನಕಾಯಿಯ ಜಾಗದಲ್ಲಿ ಚಕ್ಕೋತ, ಪಲ್ಯದ ಜಾಗದಲ್ಲಿ ಸೊಪ್ಪು, ಹೀಗೆ ಕ್ರಮವಾಗಿ ನಿಂತಿದ್ದವು. ನಡುವೆ ಮಾತ್ರ ಖಾಲಿ ಜಾಗ.

ಪರಿಚಾರಕರು ಒಂದು ತಟ್ಟೆಗೆ ಕೈ ಹಾಕಿ ಎತ್ತಹೋದರು. ಭಾವನವರು ಅದರ ಮೇಲೆ ಅಂಗೈ ಇಟ್ಟರು.

“ಉಣ್ಣದೇ ಇರೋ ಎಲೆ ಎತ್ತುತ್ತಾರೇನಪ್ಪಾ?”

“ಸರ್, ತಿನ್ನಲಿಲ್ವಲ್ಲ ಅಂತ. ಹಿಡಿಸಲಿಲ್ವೇನೋ ಅಂತ…”

“ಹಿಡಿಸೋದು ಬಿಡಿಸೋದು ಆಮೇಲೆ. ಮೊದಲು ಬಡಿಸಿ ಮುಗಿಸಿ.”

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಬಂದು, ಕೊನೆಗೆ ಅನ್ನ ಬಿದ್ದು, ಅನ್ನದ ಮೇಲೆ ತುಪ್ಪ ಬೀಳುವವರೆಗೆ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ಈ ಮನುಷ್ಯ ಮುಕ್ಕಾಲು ಗಂಟೆಯಿಂದ ಅನ್ನಕ್ಕಾಗಿ ಕಾಯುತ್ತಿದ್ದಾರೆ!

“ಭಾವ, ಇಲ್ಲಿ ಹಂಗಲ್ಲ. ಒಂದೊಂದೇ ತಂದಿಡ್ತಾರೆ, ಬಂದ ಹಾಗೆ ತಿನ್ಬೇಕು.”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಆಗ್ಲಿಂದ ನೋಡ್ತಾ ಇದೀನಿ. ಅನ್ನ ಬೀಳೋಕ್ಮುಂಚೆ ಎಲ್ಲಾ ಬಳ್ದು ತಿಂದ್ಬಿಟ್ಟಲ್ಲೋ. ಈಗ ಅನ್ನ ಬಂದ್ರೆ ಏನ್ ನೆಂಚ್ಕೋತೀಯ?”

ಬಾಯಿ ಶುಚಿ ಮಾಡಿಕೊಳ್ಳಲೆಂದು ಆರನೆಯ ವರಸೆಯಾಗಿ ಹುಣಸೆಯ ಮಂಜುಗಡ್ಡೆ ಬಂತು. ಅವರ ಮೇಜಿನಲ್ಲಿ ಜಾಗವಿರಲಿಲ್ಲ. ಇನ್ನೊಂದು ಸಣ್ಣ ಮೇಜು ತಂದು ಜೋಡಿಸಿದರು. ಮಂಜುಗಡ್ಡೆ ಕುಳಿತಲ್ಲೇ ಕರಗಿ ಪಾನಕವಾಯಿತು. ಒಳಗೆ ಅಡುಗೆಮನೆಯಲ್ಲಿ ಗಾಬರಿ ಹುಟ್ಟಿರಬೇಕು. ಮುಖ್ಯ ಅಡುಗೆಯಾಕೆ, ಬಿಳಿಯ ಕೋಟು ತೊಟ್ಟ ಹೆಣ್ಣುಮಗಳು, ಸ್ವತಃ ಹೊರಗೆ ಬಂದರು. ಮುಟ್ಟದ ಆರು ತಟ್ಟೆಗಳನ್ನು ನೋಡಿ ಅವರ ಮುಖ ಸಣ್ಣದಾಯಿತು.

“ಸರ್, ನನ್ನ ಅಡುಗೇಲಿ ಏನಾದ್ರೂ ತಪ್ಪಾಯ್ತಾ?”

“ಏನೂ ತಪ್ಪಾಗಿಲ್ಲಮ್ಮ. ಚಂದಾಗಿ ಬಡಿಸ್ತಾ ಇದೀರ. ಅನ್ನ ಒಂದು ಬರ್ಲಿ, ಶುರು ಮಾಡೋಣ.”

ಆಕೆ ಒಂದು ಕ್ಷಣ ತಟ್ಟೆಗಳ ಸಾಲನ್ನು ನೋಡಿದರು, ನಡುವಿನ ಖಾಲಿ ಜಾಗವನ್ನು ನೋಡಿದರು. ಅವರ ಮನೆಯಲ್ಲೂ ಇಂಥ ಅಜ್ಜ ಒಬ್ಬರು ಇದ್ದಿರಬೇಕು. ಒಳಗೆ ಹೋಗಿ ಏಳನೆಯ ವರಸೆಯನ್ನು ತಾವೇ ತಂದರು. ಅದು ಅನ್ನವೇ, ಆದರೆ ಒಂದು ಚಮಚ. “ದೇವರ ಎಡೆಗೆ ಸರಿ. ನನಗೆಲ್ಲಮ್ಮ?” ಎಂದರು ಭಾವನವರು. ಆಕೆ ನಕ್ಕು, ಮತ್ತೆ ಒಳಗೆ ಹೋಗಿ, ಕೆಲಸದವರ ಊಟಕ್ಕೆಂದು ಮಾಡಿದ್ದ ಬಿಸಿ ಅನ್ನವನ್ನು ಪಾತ್ರೆಯ ಸಮೇತ ತಂದು ನಡುವೆ ಇಟ್ಟಿದ್ದ ಆ ತಟ್ಟೆಗೇ ಬಡಿಸಿ, ಮೇಲೆ ತುಪ್ಪ ಹಾಕಿದರು. ಸಾರಿನ ಒಂದು ಜಗ್ಗನ್ನೂ ಪಕ್ಕದಲ್ಲಿಟ್ಟರು.

ಭಾವನವರು ಉಂಡರು! ನನ್ನ ಎದುರಿಗೆ ಕುಳಿತು, ನೊರೆಯನ್ನೂ ಎಲೆಯನ್ನೂ ಮೂರು ಅವರೆಕಾಳನ್ನೂ ಕ್ರಮವಾಗಿ ನೆಂಚಿಕೊಂಡು ಉಂಡರು. ಕೈಯ ನಡುಕಕ್ಕೆ ತುತ್ತಿನಿಂದ ನಾಲ್ಕು ಅಗುಳು ಬಿಳಿಯ ವಸ್ತ್ರದ ಮೇಲೆ ಬಿದ್ದವು. ಅವರು ಅವನ್ನು ಒಂದೊಂದಾಗಿ ಆರಿಸಿ ಬಾಯಿಗೆ ಹಾಕಿಕೊಂಡರು. ನಾನು ಕಿಟಕಿಯಾಚೆ ದ್ರಾಕ್ಷಿಬಳ್ಳಿ ನೋಡಿದೆ.

“ಹೆಂಗಿದೆ ಸರ್?” ಎಂದರು ಆಕೆ.

“ರುಚಿ ಪಸಂದಾಗದೆ ಕಣಮ್ಮ. ಬಡಿಸೋ ಕೈ ಮಾತ್ರ ಸ್ವಲ್ಪ ಬಿಗಿ.”

ಇಲ್ಲಿಗೆ ಮುಗಿದಿದ್ದರೆ ಮಗಳ ಉಪಾಯ ಫಲಿಸಿತೆಂದು ನಾನು ಜೇಬಿನ ನಾಲ್ಕು ವಾಕ್ಯಗಳಿಗೆ ಕೈ ಹಾಕುತ್ತಿದ್ದೆ. ಆದರೆ ಪಕ್ಕದ ಮೇಜಿನಲ್ಲಿ ವಿಮಾನಕ್ಕೆ ಹೊರಟಿದ್ದ ದಂಪತಿಗಳು ಪೆಟ್ಟಿಗೆಗಳೊಡನೆ ಕುಳಿತಿದ್ದರು. ಅವರ ತಟ್ಟೆಯಲ್ಲಿ ಸಾರು ಮುಗಿದಿತ್ತು. ಅದು ಭಾವನವರ ಕಣ್ಣಿಗೆ ಬಿತ್ತು. ನಾನು ತಡೆಯುವಷ್ಟರಲ್ಲಿ ಜಗ್ಗು ಅವರ ಕೈಯಲ್ಲಿತ್ತು, ಅವರು ಪಕ್ಕದ ಮೇಜಿನಲ್ಲಿದ್ದರು.

“ಸಂಕೋಚ ಮಾಡ್ಬೇಡಿ. ಇನ್ನೊಂಚೂರು ಹಾಕ್ಲಾ?”

ಆ ದಂಪತಿಗಳು ಬೆರಗಾಗಿ ತಟ್ಟೆ ಮುಂದೆ ಹಿಡಿದರು. ಸುರಿಯುವಾಗ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅವರು ಬಿಗಿಯಾಗಿ ಹಿಡಿದುಕೊಂಡಿದ್ದನ್ನು ನಾನು ಕಂಡೆ. ಅಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ. ಹಿಂದಿರುಗಿ ಬಂದು ಜಗ್ಗು ಕೆಳಗಿಡುವಾಗ ಮಾತ್ರ ಚೆಲ್ಲಿತು. ಎಲ್ಲಿಗೆ? ನನ್ನ ಪಂಚೆಗೆ!

ಕೊನೆಗೆ ಎಂಟನೆಯ ವರಸೆ ಬಂತು. ಒಂದೇ ತಟ್ಟೆಯಲ್ಲಿ ಎರಡು ಪುಟ್ಟ ಒಬ್ಬಟ್ಟು, ಒಂದು ನನಗೆ, ಒಂದು ಭಾವನವರಿಗೆ. ಬೊಟ್ಟಿನಷ್ಟೇ ಇದ್ದರೂ ಒಬ್ಬಟ್ಟು ಒಬ್ಬಟ್ಟೇ. ನನ್ನ ಕೈ ತಟ್ಟೆಯ ಕಡೆ ಹೊರಟಿತ್ತು. ಅಷ್ಟರಲ್ಲಿ ಪಕ್ಕದ ಮೇಜಿನ ಹೆಂಗಸು ತನ್ನ ಗಂಡನಿಗೆ, “ಇಷ್ಟೇನಾ? ಬಾಯಿಗಿಟ್ಟ ತಕ್ಷಣ ಮುಗಿದೇಹೋಯ್ತು,” ಎಂದದ್ದು ಕೇಳಿಸಿತು.

ಭಾವನವರು ನನ್ನನ್ನು ನೋಡಿದರು. ಅದೇ ನೋಟ! ತಟ್ಟೆ ಎತ್ತಿಕೊಂಡು ಹೋಗಿ ಆಕೆಗೆ ಒಂದು, ಅವಳ ಗಂಡನಿಗೆ ಒಂದು ಹಾಕಿ, ಬರಿದಾದ ತಟ್ಟೆಯೊಂದಿಗೆ ಬಂದು ನನ್ನೆದುರು ಕುಳಿತರು.

ಮೂವತ್ತೆಂಟು ವರ್ಷ ಒಂದೇ ಜಾಗದಲ್ಲಿ ನಿಂತಿದ್ದ ಕಲ್ಲು ಕಿತ್ತು ಬಂತು.

“ಭಾವ, ನನ್ನ ಮದುವೇಲೂ ನೀವು ಇದನ್ನೇ ಮಾಡಿದ್ರಿ.”

“ಹೂಂ.”

“ಹೂಂ ಅಂದ್ರೆ? ನೆನಪಿದೆಯಾ ನಿಮಗೆ?”

“ನೆನಪಿಲ್ದೆ ಏನೋ? ಹನ್ನೊಂದು ಎಲೆ, ತಟ್ಟೇಲಿ ಹತ್ತು ಒಬ್ಬಟ್ಟು. ಒಳಗಡೆ ಹೂರಣ ಮುಗ್ದೋಗಿತ್ತು. ನಿಮ್ಮಪ್ಪ ಬಾಗಿಲ ಹತ್ರ ನಿಂತ್ಕಂಡು ನನ್ನ ಮುಖಾನೇ ನೋಡ್ತಿದ್ರು.” ಅವರು ತಟ್ಟೆಯಂಚನ್ನು ಬೆರಳಿನಿಂದ ಒರೆಸಿದರು. “ಆ ಸಾಲಲ್ಲಿ ಇದ್ದೋರೆಲ್ಲ ಬೀಗರು. ನಿನ್ನ ಹೆಂಡ್ತೀನೂ ಅವತ್ತಿಗೆ ಬೀಗರ ಮನೆ ಮಗಳೇ. ಒಬ್ಬರಿಗೆ ತಪ್ಪಿದ್ರೂ ನಿಮ್ಮಪ್ಪನ ಮರ್ಯಾದೆ ಹೋಗೋದು. ನನ್ನೋನು ಅಂತ ಅಲ್ಲಿ ಕೂತಿದ್ದೋನು ನೀನೊಬ್ನೇ. ಕಮ್ಮಿ ಬಿದ್ರೆ ಮನೆಯೋನ ಎಲೆ ದಾಟ್ಬೇಕು ಕಣೋ. ಬಡಿಸೋನು ಕಲಿಯೋ ಮೊದಲನೇ ಪಾಠ ಅದು.”

ಬರಿದಾದ ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನಿನ್ನ ಮದುವೇಲಿ ಒಬ್ಬಟ್ಟು ಸಾಲ್ಲಿಲ್ಲ ಅಂತಾನಾ? ಸಿಟ್ಟು ಮಾಡ್ಕೊಂಡ್ರೆ ನನ್ಮೇಲೆ ತಾನೆ, ನಿಮ್ಮಪ್ಪನ ಮೇಲಲ್ವಲ್ಲ. ಇರ್ಲಿ ಬಿಡು ಅಂದ್ಕೊಂಡೆ.”

ನನ್ನ ತಂದೆ ತೀರಿಕೊಂಡು ಇಪ್ಪತ್ತು ವರ್ಷಗಳಾಗಿವೆ. ಆ ದಿನ ಅವರು ಬಾಗಿಲ ಬಳಿ ನಿಂತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಎಲೆಗಳನ್ನೆಲ್ಲ ಎಣಿಸಿದವನಿಗೆ ತಂದೆಯ ಮುಖ ಎಣಿಕೆಯಲ್ಲಿ ಬಿಟ್ಟುಹೋಗಿತ್ತು.

ಭಾವನವರು ಎರಡೂ ಕೈಗಳನ್ನು ಬಿಳಿಯ ವಸ್ತ್ರದ ಮೇಲಿಟ್ಟು, ನಡುಗುವ ಬಲಗೈಯ ಮೇಲೆ ಎಡಗೈಯನ್ನು ಒತ್ತಿದರು.

“ಸರಿ, ಈಗ ನೀನು ಹೇಳ್ಬೇಕಾದ್ದು ಹೇಳು.”

“ನಾನೇನು ಹೇಳ್ಬೇಕು?”

“ಬೆಳಗ್ಗೆ ಇಸ್ತ್ರಿ ಷರಟು ಕೊಡೋವಾಗ ನಿಮ್ಮಕ್ಕ ಮುಖ ತಿರುಗಿಸ್ಕೊಂಡ್ಳು. ನೀನು ನನ್ನ ಇಂಥ ಜಾಗಕ್ಕೆ ಕರ್ಕೊಂಡು ಬಂದೆ. ಮದುವೇಲಿ ಬಕೀಟು ಮುಟ್ಬೇಡಿ ಅಂತ ತಾನೆ?” ಅವರ ದನಿ ಎಂದಿನಂತೆಯೇ ಇತ್ತು, ಕೈ ಮಾತ್ರ ಕೈಯ ಕೆಳಗೆ ನಡುಗುತ್ತಿತ್ತು. “ಹೇಳು. ಬೇರೆಯೋರ ಬಾಯಿಂದ ಕೇಳೋದಕ್ಕಿಂತ ನಿನ್ನ ಬಾಯಿಂದ ಕೇಳೋದು ವಾಸಿ.”

ಜೇಬಿನಲ್ಲಿ ನಾಲ್ಕು ವಾಕ್ಯಗಳಿದ್ದವು. ಅವುಗಳಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಒಂದನ್ನೂ ಓದಲಾಗಲಿಲ್ಲ.

“ಬಿಸಿದು ಬೇಡ ಭಾವ,” ಎಂದೆ. “ಹುಳಿ, ಸಾರು ಬೇರೆಯವರು ನೋಡ್ಕೋತಾರೆ. ಒಬ್ಬಟ್ಟು ನಿಮ್ದು. ತಟ್ಟೆ ನಾನು ಹಿಡ್ಕೋತೀನಿ, ನೀವು ಎಲೆಗೆ ಹಾಕಿ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಹಳೆಯ ಎತ್ತನ್ನು ಕೊಳ್ಳಬೇಕೋ ಬೇಡವೋ ಎಂದು ನೋಡುವಂತೆ.

“ನೆಟ್ಟಗೆ ಹಿಡೀತೀಯಾ? ಕೈ ಅಲ್ಲಾಡಿಸ್ಬಾರ್ದು.”

ಇದನ್ನು ಅವರು ನನಗೆ ಹೇಳಿದರು! ಆದರೂ ಇದಕ್ಕೆ ಮಾತ್ರ ನಾನು ಕಲ್ಲು ನೆಡಲಿಲ್ಲ.

ಸಮೇತನಹಳ್ಳಿ ತಲುಪುವವರೆಗೂ ಅವರು ನನಗೆ ತಟ್ಟೆ ಹಿ‍ಡಿಯುವ ಪಾಠ ಹೇಳಿದರು. ಎಲೆಯ ನೆತ್ತಿಯ ಮೇಲೆ ತಟ್ಟೆ ಬರಬಾರದು. ಉಣ್ಣುವವರ ಮುಖ ನೋಡಬೇಕು, ಎಲೆಯನ್ನಲ್ಲ. ಬೇಡ ಎಂದವರ ಮುಂದೆ ಒಂದು ಉಸಿರಿನಷ್ಟು ಹೊತ್ತು ನಿಂತು ಮುಂದೆ ಹೋಗಬೇಕು. ಮೂವತ್ತು ವರ್ಷ ಭೂಮಿ ಅಳೆದವನಿಗೆ ಇಷ್ಟು ಪಾಠವನ್ನು ನನ್ನ ಇಲಾಖೆಯೂ ಹೇಳಿಕೊಟ್ಟಿರಲಿಲ್ಲ.

ಮದುವೆಯ ದಿನ ನಾವಿಬ್ಬರೂ ಟವೆಲ್ಲು ಸೊಂಟಕ್ಕೆ ಕಟ್ಟಿ ಇಳಿದೆವು. ಮದುಮಗಳ ತಂದೆ ಒಬ್ಬಟ್ಟಿನ ತಟ್ಟೆ ಹಿಡಿದು ನಡೆಯುವುದನ್ನು ಕಂಡು ಬೀಗರು ಎದ್ದು ನಿಂತು ಸಂಕೋಚಪಟ್ಟರು. ಭಾವನವರು, “ಕೂತ್ಕೊಳ್ಳಿ, ಕೂತ್ಕೊಳ್ಳಿ, ಅವನಿನ್ನೂ ಕಲೀತಾವ್ನೆ,” ಎಂದು ಸಮಾಧಾನ ಮಾಡಿದರು.

ನಾಲ್ಕನೆಯ ಪಂಕ್ತಿಯ ಎರಡನೇ ಸುತ್ತು. ಅಭ್ಯಾಸಬಲದಿಂದ ಎಣಿಸಿದೆ. ಮುಂದೆ ಹದಿನೇಳು ಎಲೆ, ತಟ್ಟೆಯಲ್ಲಿ ಹದಿನಾರು ಒಬ್ಬಟ್ಟು. ಅಡುಗೆಮನೆಯ ಕಡೆ ನೋಡಿದೆ. ಬಾಣಸಿಗ ಅಲ್ಲಿಂದಲೇ ತಲೆಯಾಡಿಸಿದ, ಹೂರಣ ಮುಗಿದಿದೆ. ಭಾವನವರೂ ನೋಡಿದರು. ಇಬ್ಬರೂ ಮೊದಲನೆಯ ಎಲೆಯತ್ತ ನಡೆದೆವು.

ಆ ಸಾಲಿನ ನಡುವೆ, ಬೀಗರಿಗೆ ಜೊತೆಯಾಗಿರಲೆಂದು ನನ್ನ ಮಗ ಊಟಕ್ಕೆ ಕುಳಿತಿದ್ದ. ಎಲೆಯ ಮೇಲೆ ಜಾಗ ಮಾಡಿಕೊಂಡು ಕಾಯುತ್ತಿದ್ದ. ಅವನ ಮುಂದೆ ಬಂದಾಗ ಭಾವನವರ ಕೈ ಒಬ್ಬಟ್ಟಿನ ಮೇಲೆ ತಡೆಯಿತು. ಅವರಿಗೆ ಕೊಟ್ಟುಬಿಡುವ ಮನಸ್ಸಾಗಿತ್ತೇನೋ. ನಾನು ತಟ್ಟೆಯನ್ನು ಮುಂದಿನ ಎಲೆಗೆ ಸರಿಸಿದೆ.

ಮಗ ತಲೆಯೆತ್ತಿ ನನ್ನನ್ನು ನೋಡಿದ. ಆ ನೋಟ ನನಗೆ ಹೊಸದಲ್ಲ. ನಮ್ಮ ಆಲ್ಬಮ್ಮಿನ ಹದಿನಾಲ್ಕನೆಯ ಪುಟದಲ್ಲಿದೆ. ನಾನು ನಿಂತೆ. ಕಾರಣ ಹೇಳಿಬಿಡೋಣವೆಂದು ಬಾಯಿ ತೆರೆದೆ.

“ನಡಿಯೋ,” ಎಂದರು ಭಾವನವರು ಮೆಲ್ಲಗೆ. “ಬೀಗರು ಕಾಯ್ತಾವ್ರೆ.”

ಅವರ ನಡುಗುವ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು. ಹಿಡಿದುಕೊಂಡ ಮೇಲೆ ಅದು ನಡುಗಲಿಲ್ಲ. ನಾವು ಮುಂದಿನ ಎಲೆಗೆ ಹೋದೆವು.